ಕಾಸ್ಟೆಲ್ ಬ್ರಾನ್ ಕೋಟೆಯ ಎಡಗಡೆ ನಿಂತದ್ದರ ಬಗ್ಗೆ

ನನಗೆ ಮದುವೆಯಾಗಿದೆ! ಮೇ ೯ರ ಶನಿವಾರ ಆಯಿತು. ಹಾಗಾಗಿ ಹೆಸರು ಲೊರೇನ್ ಪ್ರಾಬರ್ಟ್. ಹಳೆಯ ಹೆಸರು ಬರೆದುಕೊಂಡಿದ್ದರೆ ದಯವಿಟ್ಟು ಹೊಡೆದುಹಾಕಿ. ವಯಸ್ಸು ಇಪ್ಪತ್ನಾಲ್ಕು. ಸ್ವಾನ್ಸಿಯ ಶೂ ಅಂಗಡಿಯೊಂದರಲ್ಲಿ ಕೆಲಸ. ವಾಸ ಈಗ ಲಾನ್‌ಡೈಲೋದ ಸೇತುವೆ ಬೀದಿ, ನನ್ನ ಗಂಡ ಎಮ್ಲಿನ್ ಪ್ರಾಬರ್ಟ್ ಮನೆ. ಮೇ ೧೭ರ ಭಾನುವಾರ ಕಾಸ್ಟೆಲ್ ಬ್ರಾನ್ ಕೋಟೆಯಲ್ಲಿ ಮಿಸ್ ನೆಸ್ಟಾ ಬೆವನ್ ಬಿದ್ದ ವಿಚಾರವಾಗಿ, ಕಾನ್‌ಸ್ಟೇಬಲ್ ರೀಸ್ ಅವರ ಮುಂದೆ ನಾನಾಗಿಯೇ ಹೇಳಿ ಬರೆಸುವುದೇನೆಂದರೆ:

ನಾನು ಆಕೆಯನ್ನು ತಳ್ಳಲಿಲ್ಲ.

ನನ್ನ ಗಂಡ ಪ್ಲಂಬರ್. ಬಿಡುವಿನಲ್ಲಿ ಪಾಳುಕೋಟೆಗಳ ಹಳೆಯ ಪೋಸ್ಟ್‌ಕಾರ್ಡ್ ಕೂಡಿಸುತ್ತಾನೆ. ಮಿಸ್ ಬೆವನ್ ಗ್ರಂಥಾಲಯದಲ್ಲಿದ್ದಾರೆ. ಆಕೆಯೂ ಅದನ್ನೇ ಕೂಡಿಸುತ್ತಾರೆ. ಅಂಥ ಕಾರ್ಡುಗಳಲ್ಲಿ ಗೋಡೆ ಎಷ್ಟೆತ್ತರ ಎಂದು ತಿಳಿಯಲು ಯಾರನ್ನಾದರೂ ನಿಲ್ಲಿಸಿರುತ್ತಾರೆ, ಹೆಚ್ಚಾಗಿ ಕೊಡೆ ಹಿಡಿದ ಹೆಂಗಸನ್ನು. ಇವರಿಬ್ಬರು ಕಾರ್ಡು ಹಿಡಿದು ಅದೇ ಕೋಟೆಗೆ ಹೋಗುತ್ತಾರೆ. ಫೋಟೋದವನು ನಿಂತಿದ್ದಲ್ಲಿ ಎಮ್ಲಿನ್ ನಿಂತು ಕ್ಯಾಮೆರಾ ಹಿಡಿಯುತ್ತಾನೆ, ಹೆಂಗಸು ನಿಂತಿದ್ದಲ್ಲಿ ಮಿಸ್ ಬೆವನ್. ಆರು ವರ್ಷದಿಂದ ಹೀಗೆಯೇ. ಆಲ್ಬಮ್ಮಿನ ಎಡಪುಟದಲ್ಲಿ ಕಾರ್ಡು, ಬಲಪುಟದಲ್ಲಿ ಆಕೆ. ಕೆಂಪು ಟೋಪಿಯಲ್ಲಿ ಆಕೆ, ಗಾಳಿಗೆ ಕೂದಲು ಹಾರುವಾಗ ಆಕೆ, ಏನೋ ಕೇಳಿ ನಗುತ್ತಿರುವ ಆಕೆ.

ಮದುವೆಯಾದ ವಾರದಲ್ಲೇ ಆ ಆಲ್ಬಮ್ ನೋಡಿದೆ. ನಾನು ಮದುವೆಯಾದದ್ದು ನಿನ್ನೊಬ್ಬನನ್ನೋ ಇಬ್ಬರನ್ನೋ ಎಂದು ಎಮ್ಲಿನ್‌ನನ್ನು ಕೇಳಿದೆ. ಅಯ್ಯೋ ಚಿನ್ನಾ, ನೆಸ್ಟಾ ನಮ್ಮ ಅಳತೆಗೋಲು ಕಣೇ, ಅಷ್ಟೇ, ಎಂದ. ಅಳತೆಗೋಲಿನ ಮುಖಕ್ಕೆ ಅಷ್ಟು ಚೆನ್ನಾಗಿ ಬೆಳಕು ಬೀಳುವವರೆಗೆ ಯಾರೂ ಕಾಯುವುದಿಲ್ಲ ಎಂದು ನಾನು ಹೇಳಲಿಲ್ಲ. ಅವರಿಬ್ಬರೂ ಇಲ್ಲಿಯ ವೆಲ್ಶ್ ಭಾಷೆ ಮಾತಾಡುತ್ತಾರೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಅವರು ನಕ್ಕ ಮೇಲೆ ನಾನು ನಗುತ್ತೇನೆ.

ಮದುವೆಯ ಉಡುಗೊರೆಯೆಂದು ಮಿಸ್ ಬೆವನ್ ಕೊಟ್ಟದ್ದು ಕಾಸ್ಟೆಲ್ ಬ್ರಾನ್ ಕಾರ್ಡು, ೧೯೦೪ರದ್ದು, ಇಬ್ಬರೂ ಬಹುಕಾಲದಿಂದ ಹುಡುಕುತ್ತಿದ್ದದ್ದು. ಎಮ್ಲಿನ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟ. ನನ್ನ ತಾಯಿ ಕೊಟ್ಟ ಊಟದ ತಟ್ಟೆಗಳ ಪೆಟ್ಟಿಗೆಯನ್ನು ಅವನು ಈವರೆಗೆ ತೆರೆದಿಲ್ಲ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮೂವರೂ ಕೋಟೆ ತಲುಪಿದೆವು. ನೆಸ್ಟಾ, ಮೇಲೆ ಹತ್ತು, ಎಂದು ಎಮ್ಲಿನ್ ರೂಢಿಯಂತೆ ಹೇಳಿದ. ಈ ಸಲ ನಾನು ನಿಲ್ಲುತ್ತೇನೆ ಎಂದೆ. ಎಮ್ಲಿನ್ ಮಿಸ್ ಬೆವನ್ ಕಡೆ ನೋಡಿದ. ಮಿಸ್ ಬೆವನ್, ಸರಿ, ಈಗ ಅದು ಅವಳದೇ ಜಾಗ ಅಲ್ವಾ, ಬಾ ತೋರಿಸ್ತೀನಿ, ಎಂದರು. ಕಾರ್ಡು ನನ್ನ ಕೈಯಲ್ಲೇ ಇದೆ, ಯಾರೂ ತೋರಿಸಬೇಕಿಲ್ಲ ಎಂದು ಒಬ್ಬಳೇ ಹತ್ತಿದೆ. ಎಮ್ಲಿನ್ ಕ್ಯಾಮೆರಾ ತೆಗೆದುಕೊಂಡು ಕೆಳಗಿನ ಬಯಲಿಗೆ ಹೋದ.

ಕಾರ್ಡಿನಲ್ಲಿ ಹೆಂಗಸು, ಪಕ್ಕದಲ್ಲಿ ಒಬ್ಬ ಗಂಡಸು, ಗೋಪುರದ ಎಡಗಡೆ ಗೋಡೆಯ ಮೇಲೆ ನಿಂತಿದ್ದಾರೆ. ನಾನೂ ಎಡಗಡೆ ಹೋಗಿ ನಿಂತೆ. ಗೋಡೆ ಅಲ್ಲಿ ಒಂದು ಗಜ ಅಗಲವೂ ಇರಲಿಲ್ಲ. ಮಿಸ್ ಬೆವನ್ ಮೆಟ್ಟಿಲು ಹತ್ತಿ ಓಡಿಬಂದು, ಅಲ್ಲಿ ಬೇಡ ಕಣೇ, ಕಾರ್ಡು ಎಡಬಲ ಮಗುಚಿ ಅಚ್ಚಾಗಿದೆ, ಅವರು ನಿಂತದ್ದು ಬಲಗಡೆ, ಆ ಕಲ್ಲು ಸಡಿಲ, ಬಾ ಈಚೆ, ಎಂದು ಕೂಗಿದರು. ಇಂಗ್ಲಿಷಿನಲ್ಲೇ ಕೂಗಿದರು. ಪ್ರತಿ ಮಾತೂ ಕೇಳಿಸಿತು, ಅರ್ಥವೂ ಆಯಿತು. ನಂಬಲಿಲ್ಲ. ತನ್ನ ಜಾಗ ಬಿಟ್ಟುಕೊಡಲಾರದೆ ಹೂಡಿದ ಉಪಾಯ ಅಂದುಕೊಂಡೆ.

ಆಕೆ ನನ್ನ ತೋಳು ಹಿಡಿದು ಒಳಕ್ಕೆ ಎಳೆದರು. ಬಿಡಿ ಎಂದು ನಾನು ತೋಳು ಕೊಡವಿದೆ. ಕಾರ್ಡು ಕೈಜಾರಿತು. ಮಿಸ್ ಬೆವನ್ ಅದನ್ನು ಗಾಳಿಯಲ್ಲೇ ಹಿಡಿಯಲು ಅಂಚಿಗೆ ಕಾಲಿಟ್ಟರು, ಅರೆಗಳಿಗೆ ಮೊದಲು ನಾನು ನಿಂತಿದ್ದ ಕಲ್ಲೇ ಕಳಚಿತು. ಸುಮಾರು ಎಂಟು ಅಡಿ ಕೆಳಗಿನ ಹುಲ್ಲಿನ ಇಳಿಜಾರಿಗೆ ಬಿದ್ದರು. ಬೀಳುವಾಗ ಯಾರಾದರೂ ಕೈ ಊರುತ್ತಾರೆ. ಆಕೆ ಊರಲಿಲ್ಲ, ಕೈಯಲ್ಲಿ ಕಾರ್ಡಿತ್ತು. ಅದಕ್ಕೇ ಕಾಲು ಮುರಿಯಿತು.

ಕೋಟೆಯ ಬುಡದಲ್ಲಿ ಚಹಾದಂಗಡಿ ಇಟ್ಟಿರುವ ಶ್ರೀಮತಿ ಓಲ್ವೆನ್ ಹೌವೆಲ್ಸ್, ಹೊಸ ಹೆಂಡತಿ ಹಳೆಯವಳನ್ನ ದಬ್ಬಿಬಿಟ್ಟಳು, ಕಣ್ಣಾರೆ ಕಂಡೆ, ಎಂದು ಹೇಳಿದ್ದಾಗಿ ತಿಳಿಸಿದಿರಿ. ಅವರಿಗೆ ಅಲ್ಲಿಂದ ಕಂಡದ್ದು ನನ್ನ ತೋಳು. ತೋಳು ಕೊಡವಿದ್ದು ನಿಜ, ಸಿಟ್ಟಿನಿಂದ ಕೊಡವಿದ್ದೂ ನಿಜ. ಆದರೆ ಮಿಸ್ ಬೆವನ್ ಹಳೆಯವಳಲ್ಲ. ಮೊದಲಿಂದಲೂ ಹೆಂಡತಿ ನಾನೊಬ್ಬಳೇ. ಇದನ್ನು ಹಾಗೆಯೇ ಬರೆದುಕೊಳ್ಳಿ.

ಎಮ್ಲಿನ್ ಮೊದಲು ಯಾರ ಹೆಸರು ಕೂಗಿದ ಎಂದು ಕೇಳಿದಿರಿ. ನೆಸ್ಟಾ ಎಂದು. ಬಿದ್ದವರು ಆಕೆ, ಸರಿ.

ಆಂಬುಲೆನ್ಸ್ ಬರುವವರೆಗೆ ಮಿಸ್ ಬೆವನ್ ತಲೆ ನನ್ನ ಮಡಿಲಲ್ಲಿತ್ತು. ಆಕೆ ಕಾರ್ಡು ನನ್ನ ಮುಖದ ಹತ್ತಿರ ಹಿಡಿದು, ಆ ಗಂಡಸಿನ ಕೋಟು ನೋಡು, ಗುಂಡಿ ಹೆಂಗಸರ ಕೋಟಿನ ಹಾಗೆ ಎಡಗಡೆ ಇದೆ, ಗಂಡಸರದ್ದು ಬಲಗಡೆ ಇರುತ್ತೆ, ಅದರಿಂದಲೇ ಮಗುಚಿದ್ದು ಅಂತ ಗೊತ್ತಾಗೋದು, ಎಂದರು. ನೋಡಿದೆ. ಹಾಗೆಯೇ ಇತ್ತು. ಕಾರ್ಡಿನ ಮೂಲೆ ಮಡಚಿಕೊಂಡಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀನು ಅಳೋದು ನಿಲ್ಲಿಸು ಮಾರಾಯ್ತಿ, ನನ್ನ ಕುತ್ತಿಗೆಗೆ ತೊಟ್ಟಿಕ್ಕುತ್ತಿದೆ, ಎಂದರು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೇಳದ್ದು ಸೇರಿಲ್ಲ. ನಂಬಲಿಲ್ಲ ಎಂಬ ಮಾತನ್ನು ಬೇಕಾದರೆ ಬಿಡಬಹುದು ಎಂದು ಕಾನ್‌ಸ್ಟೇಬಲ್ ಅವರು ಹೇಳಿದರು, ಇರಲಿ ಎಂದೆ.

ಲಾನ್‌ಡೈಲೋ, ೧೯ ಮೇ ೧೯೮೭
ಸಹಿ: ಲೊರೇನ್ ಪ್ರಾಬರ್ಟ್

ಸಹಿಯ ನಂತರ ನನ್ನ ಕೋರಿಕೆಯಂತೆ ಸೇರಿಸಿದ್ದು: ಮಿಸ್ ಬೆವನ್ ಅವರನ್ನು ಮತ್ತೆ ವಿಚಾರಿಸುವುದಿದ್ದರೆ ಸ್ವಾನ್ಸಿ ಆಸ್ಪತ್ರೆಯವರೆಗೆ ಹೋಗಬೇಕಿಲ್ಲ, ಆಕೆ ನಮ್ಮ ಮನೆಗೇ ಬರುತ್ತಿದ್ದಾರೆ. ರೈಲು ಸ್ಟೇಷನ್ನಿಗೆ ತಾನು ಹೋಗಿ ಕರೆತರುತ್ತೇನೆ ಎಂದು ಎಮ್ಲಿನ್ ಹೇಳಿದ. ನೀನು ಮನೆಯಲ್ಲೇ ಇದ್ದು ತಟ್ಟೆಗಳ ಪೆಟ್ಟಿಗೆ ತೆಗೆ, ಊಟಕ್ಕೆ ಮೂರು ಬೇಕು, ಹೋಗುವವಳು ನಾನು, ಎಂದಿದ್ದೇನೆ. ಆಕೆ ಬರುವುದು ಶನಿವಾರ, ಸ್ವಾನ್ಸಿಯಿಂದ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಇಲ್ಲಿ ತಲುಪುವ ರೈಲಿನಲ್ಲಿ.