ಭಾನುವಾರ ಹನ್ನೆರಡಕ್ಕೆ ಕೂಗದ ಸೈರನ್

ನನ್ನ ಹೆಸರು ನೆಲಿದಾ ಬೊರ್ದಗಾರೈ, ವಯಸ್ಸು 61 ವರ್ಷ, ನಿವೃತ್ತ ಗಣಿತ ಶಿಕ್ಷಕಿ, ಈಗ ಸ್ವಯಂಸೇವಕರ ಅಗ್ನಿಶಾಮಕ ಠಾಣೆಯಲ್ಲಿ ರೇಡಿಯೊ ನೋಡಿಕೊಳ್ಳುವ ಕೆಲಸ, ವಾಸ ಗಿರಣಿ ಬೀದಿ, ಮನೆ ನಂ. 318, ಪಾಸೊ ಸೌಸಾಲ್, ಎಂತ್ರೆ ರಿಯೊಸ್ ಪ್ರಾಂತ್ಯ, ಅರ್ಜೆಂಟೀನಾ. ಯಾರೂ ಕರೆಸದೆ ನಾನಾಗಿಯೇ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಸೈರನ್ನಿನ ಕಂಪ್ಯೂಟರು ಸಿಡಿಲಿನಿಂದ ಕೆಟ್ಟಿತೆಂದು ನಮ್ಮ ಅಗ್ನಿಶಾಮಕ ಠಾಣೆಯ ಕ್ಯಾಪ್ಟನ್ ಒರೊಸ್ಮಾನ್ ತಬೋರ್ದಾ ಅವರು ಮೊನ್ನೆ ಬರೆಸಿರುವುದು ಸುಳ್ಳು. ನನ್ನನ್ನು ಉಳಿಸಲು ಹಾಗೆ ಬರೆಸಿದ್ದಾರೆ. ಅದನ್ನು ಕೆಡಿಸಿದವಳು ನಾನು.

ನಮ್ಮ ಠಾಣೆಯ ಸೈರನ್ ದಿನವೂ ಮಧ್ಯಾಹ್ನ 12ಕ್ಕೆ ಒಮ್ಮೆ ಕೂಗುತ್ತದೆ. ನದಿ ಉಕ್ಕಿದರೆ ಮೂರು ಸಲ ಕೂಗಬೇಕು. ಮೂರು ಕೂಗು ಕೇಳಿದವರು ಮೊದಲು ಬಲಗಡೆಯ ಮನೆಯ ಬಾಗಿಲು ಬಡಿದು, ಆಮೇಲೆ ತಾವು ಹೊರಡಬೇಕೆಂಬುದು ಕೆಳಗೇರಿಯ ಕಟ್ಟಳೆ. ಕೆಳಗೇರಿಯಲ್ಲಿ 31 ಮನೆಗಳಿವೆ, ದಡದುದ್ದಕ್ಕೂ 2 ಕಿಲೋಮೀಟರ್ ಹರಡಿಕೊಂಡಿವೆ. ಸೈರನ್ನಿನ ಕೈಸ್ವಿಚ್ಚು 2012ರಲ್ಲಿ ಸುಟ್ಟುಹೋಯಿತು. ಹೊಸದು ಹಾಕಿಸಲು ಸಮಿತಿಯ ನಾಲ್ಕು ಸಭೆಗಳಲ್ಲಿ ತೀರ್ಮಾನವಾಗಿದೆ, ಸ್ವಿಚ್ಚು ಬಂದಿಲ್ಲ. ಅಂದಿನಿಂದ ಸೈರನ್ ಕೂಗಿಸುವುದು ಯಂತ್ರ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ನಾನೇ ಹಾಕಿ ಸಿದ್ಧಪಡಿಸಿದ ಹಳೆಯ ಕಂಪ್ಯೂಟರು. ಅದರ ಬಗ್ಗೆ ನನಗೆ ಜಂಭವಿತ್ತು ಎಂಬುದನ್ನೂ ಬರೆದುಕೊಳ್ಳಬೇಕು.

ದಿನಾಂಕ 16-03-2014ರ ಭಾನುವಾರ ಬೆಳಿಗ್ಗೆ 10.05ಕ್ಕೆ, ಠಾಣೆಯ ಅರವತ್ತನೇ ವರ್ಷದ ಫೋಟೊಗಳಿಗೆ ಜಾಗ ಸಾಲದೆ, ನಾನು ಡಿಸ್ಕಿನ ಭಾಗಗಳನ್ನು ಹಿಗ್ಗಿಸಿ ಕುಗ್ಗಿಸಲು ಕುಳಿತೆ. ಐದನೆಯ ಭಾಗ ಖಾಲಿ, ಆರನೆಯದರಲ್ಲಿ ಲಿನಕ್ಸ್, ಏಳನೆಯದರಲ್ಲಿ ಫೋಟೊ. ಐದನೆಯದನ್ನು ಅಳಿಸಿ, ಲಿನಕ್ಸನ್ನು ಹಿಂದಕ್ಕೆ ಸರಿಸಿ, ಉಳಿದ ಜಾಗವನ್ನು ಫೋಟೊಗಳಿಗೆ ಕೊಟ್ಟೆ. ಈ ಕೆಲಸಕ್ಕೆ, ಡಿಸ್ಕಿನ ನೆರವಿಲ್ಲದೆ ಯಂತ್ರವನ್ನು ಎಬ್ಬಿಸಬಲ್ಲ ಪೆನ್‌ಡ್ರೈವ್ ಒಂದನ್ನು ಔಷಧಿ ಅಂಗಡಿಯವರಿಂದ ಕಡ ತಂದಿದ್ದೆ. ಅವರು ಪರವೂರಿಗೆ ಹೊರಟಿದ್ದರಿಂದ 11.05ಕ್ಕೆ ವಾಪಸು ಕೊಟ್ಟೆ. ಯಂತ್ರ ಮತ್ತೆ ಶುರುವಾಗುತ್ತದೆಯೇ ಎಂದು ನೋಡದೆ ಕೊಟ್ಟೆ. ಮೂವತ್ತಮೂರು ವರ್ಷ ಮಕ್ಕಳಿಗೆ ಉತ್ತರ ತಾಳೆ ನೋಡದೆ ಹಾಳೆ ಕೊಡಬೇಡಿ ಎಂದು ಬೈದವಳು ನಾನು.

11.15ಕ್ಕೆ ಯಂತ್ರ ಹಾಕಿದಾಗ ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಎರಡು ಪದ ಮಾತ್ರ ಬಂದವು. ಗ್ರಬ್ ಎಂದರೆ ಯಂತ್ರ ಎದ್ದೊಡನೆ ಲಿನಕ್ಸನ್ನು ಹುಡುಕಿ ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಬೀದಿಯಲ್ಲಿ ಒಂದು ಮನೆ ಕೆಡವಿ ಮುಂದಿನ ಮನೆಗಳ ನಂಬರು ಒಂದೊಂದು ಇಳಿಸಿದರೆ ಅಂಚೆಯವನು ಹಳೆಯ ನಂಬರಿಗೇ ಹೋಗಿ ನಿಲ್ಲುವಂತೆ, ಅದು ಆರನೆಯ ಭಾಗಕ್ಕೇ ಹೋಗಿ ನಿಂತಿತ್ತು. ಅಲ್ಲೀಗ ಫೋಟೊಗಳಿದ್ದವು.

11.24ಕ್ಕೆ ಮೇಲಿನ ಅಣೆಕಟ್ಟೆಯಿಂದ ರೇಡಿಯೊದಲ್ಲಿ ಸುದ್ದಿ ಬಂತು. ಬಾಗಿಲು ತೆರೆದಿದ್ದಾರೆ, 12.40ರ ಹೊತ್ತಿಗೆ ನೀರು ಕೆಳಗೇರಿಗೆ ಮುಟ್ಟುತ್ತದೆ ಎಂದರು. ಬೆಳಗಿನ ಗಾಳಿಗೆ ಫೋನುಗಳು ಸತ್ತಿದ್ದವು. ನಮ್ಮ ವಾಹನ 22 ಕಿಲೋಮೀಟರ್ ದೂರದ ಅಪಘಾತಕ್ಕೆ ಹೋಗಿತ್ತು. ಠಾಣೆಯಲ್ಲಿ ಇದ್ದವರು ನಾನು ಮತ್ತು ಕ್ಯಾಪ್ಟನ್ ಇಬ್ಬರೇ. ಅವರು ಪರದೆ ನೋಡಿ, "ಟೀಚರಮ್ಮ, ಏನ್ ಮಾಡ್ಬಿಟ್ರಿ ಇದನ್ನ?" ಎಂದು ಕೇಳಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 11.31ಕ್ಕೆ ಸೈಕಲ್ ಹತ್ತಿ, ಮನೆಮನೆಗೆ ತಿಳಿಸಲು ಕೆಳಗೇರಿಯ ಉತ್ತರದ ತುದಿಗೆ ಹೊರಟರು. ಅವರಿಗೆ 66 ವರ್ಷ, ಒಂದು ಮಂಡಿ ಕೆಲಸ ಮಾಡುವುದಿಲ್ಲ.

ದಕ್ಷಿಣದ ತುದಿಯ ಕೊನೆಯ ಮನೆ ನನ್ನ ತಂಗಿ ಓಫೆಲಿಯಾಳದು. ಗಂಡ ಸಿಕ್ಸ್ತೋ ಪಾರ್ಶ್ವವಾಯುವಾಗಿ ಹಾಸಿಗೆಯಲ್ಲಿದ್ದಾನೆ. ಅಮ್ಮನ ಹೊಲಿಗೆ ಯಂತ್ರದ ಜಗಳದಿಂದ ನಾನೂ ತಂಗಿಯೂ ಆರು ವರ್ಷ ಮಾತು ಬಿಟ್ಟಿದ್ದೆವು.

ಆ ಪರದೆಯಲ್ಲಿ ಯಾವ ಆಜ್ಞೆ ಕೊಡಬೇಕೆಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಆದರೆ ನಾನು ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು. ನಮ್ಮ ಕೀಲಿಮಣೆ ಸ್ಪ್ಯಾನಿಷ್ ಭಾಷೆಯದು. ಲಿನಕ್ಸ್ ಏಳುವ ಮೊದಲು ಗ್ರಬ್‌ಗೆ ಅದರ ಗುರುತಿಲ್ಲ, ಅಮೆರಿಕದವರ ಕೀಲಿಗಳಷ್ಟೇ ಗೊತ್ತು. ಆವರಣ ಚಿಹ್ನೆ ಒತ್ತಿದರೆ ನಕ್ಷತ್ರ ಬಿತ್ತು, ಓರೆಗೆರೆ ಒತ್ತಿದರೆ ಬೇರೇನೋ ಬಿತ್ತು. ಕೈಗೆ ರೂಢಿಯಾದ ಜಾಗಕ್ಕೇ ಬೆರಳು ಮತ್ತೆ ಮತ್ತೆ ಹೋಗುತ್ತಿತ್ತು. ಒಂದೊಂದೇ ಕೀಲಿ ಒತ್ತಿ ಬಿದ್ದದ್ದನ್ನು ಕಾಗದದಲ್ಲಿ ಬರೆದುಕೊಂಡೆ. ಓರೆಗೆರೆಯೂ ಎರಡು ಆವರಣಗಳೂ ಸಿಕ್ಕಾಗ 11.58. ಸಮ ಚಿಹ್ನೆ ಸಿಗಲಿಲ್ಲ. ಗಣಿತದ ಟೀಚರಿಗೆ ಸಮ ಚಿಹ್ನೆ ಸಿಗಲಿಲ್ಲ. 12 ಗಂಟೆಯಾಯಿತು, ಸೈರನ್ ಕೂಗಲಿಲ್ಲ. ಆಗ ನನಗೆ ಅಳು ಬಂತು.

12.06ಕ್ಕೆ ಓಫೆಲಿಯಾ ಠಾಣೆಗೆ ನುಗ್ಗಿದಳು, ಮೊಣಕೈವರೆಗೆ ಹಿಟ್ಟು. ಭಾನುವಾರ ಈ ಊರಿನಲ್ಲಿ ಮಧ್ಯಾಹ್ನದ ಸೈರನ್ ಕೇಳಿಯೇ ಪಾಸ್ತಾವನ್ನು ಕುದಿನೀರಿಗೆ ಹಾಕುವುದು. ಅವಳು ನನ್ನನ್ನು ನೋಡದೆ ಗೋಡೆಗೆ ಹೇಳುವಂತೆ, "ಈ ಠಾಣೇಲಿ ಯಾರಾದ್ರೂ ಬದುಕಿದ್ದಾರೇನ್ರೀ? ಒಲೆ ಮೇಲೆ ನೀರು ಕುದ್ದು ಕುದ್ದು ಅರ್ಧ ಆಯ್ತು, ಎಲ್ರೀ ನಿಮ್ ಸೈರನ್ನು?" ಎಂದು ಕೇಳಿದಳು.

ನಾನು, "ಓಫೆ, 12.40ಕ್ಕೆ ಹೊಳೆ ಬರ್ತಿದೆ, ಓಡು" ಎಂದೆ. ಅವಳು ಬಾಗಿಲವರೆಗೆ ಓಡಿ ತಿರುಗಿದಳು. "ಸಿಕ್ಸ್ತೋನ್ನ ಒಬ್ಳೇ ಎತ್ತಕ್ಕಾಗಲ್ಲ, ನೀನೂ ಬಾ" ಎಂದಳು. ಠಾಣೆಯಿಂದ ಅವಳ ಮನೆ 900 ಮೀಟರ್. ನಾನು ಬರುವುದಿಲ್ಲವೆಂದೂ, ಸೈರನ್ ಕೂಗಿದರೆ ಎಡಗಡೆ ಮನೆಯವರು ಅವಳ ಬಾಗಿಲಿಗೆ ಬಂದೇ ಬರುತ್ತಾರೆಂದೂ ಹೇಳಿದೆ. ಕೂಗದಿದ್ದರೆ ಎಂದು ಅವಳು ಕೇಳಿದಳು. ನಾನು ಮುಂದಿನ ಕೀಲಿ ಒತ್ತಿದೆ. ಅವಳು ಓಡಿದಳು. ನಾನು ಎದ್ದು ಹೋಗದೆ ಅಲ್ಲೇ ಕುಳಿತಿದ್ದೆ ಎಂಬುದನ್ನು ದಯವಿಟ್ಟು ಬರೆದುಕೊಳ್ಳಿ.

12.13ಕ್ಕೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯ ಕೀಲಿ ಒತ್ತಿದಾಗ ಸಮ ಚಿಹ್ನೆ ಬಿತ್ತು. ಲಿನಕ್ಸ್ ಈಗ ಐದರಲ್ಲಿದೆ ಎಂದು ಗ್ರಬ್‌ಗೆ ತಿಳಿಸಿದೆ. 12.16ಕ್ಕೆ ಕೊನೆಯ ಸಾಲು ಬರೆದು ಒತ್ತಿದೆ. 12.19ಕ್ಕೆ ಸೈರನ್ ಮೂರು ಸಲ ಕೂಗಿತು. ಮುಂದಿನ ಇಪ್ಪತ್ತು ನಿಮಿಷ ನಾನು ಅದನ್ನು ನಿಲ್ಲಿಸಲಿಲ್ಲ.

ನೀರು 12.43ಕ್ಕೆ ಬಂತು. ಓಫೆಲಿಯಾಳ ಮನೆಯಲ್ಲಿ 1 ಮೀಟರ್ 40 ಸೆಂಟಿಮೀಟರ್ ನಿಂತಿತು. ಅದಕ್ಕೂ ಮುಂಚೆಯೇ ಎಡಗಡೆ ಮನೆಯ ಅಪ್ಪ ಮಗಳು ಸಿಕ್ಸ್ತೋನನ್ನು ಅಡುಗೆಮನೆಯ ಕುರ್ಚಿ ಸಮೇತ ಹೊತ್ತು ತಂದರು. 1.10ಕ್ಕೆ ಶಾಲೆಯ ಅಂಗಳದಲ್ಲಿ ಕ್ಯಾಪ್ಟನ್ ತಲೆ ಎಣಿಸಿದರು. 31 ಮನೆಗಳ 118 ಜನರೂ ಇದ್ದರು. ಅವರು ಎರಡು ಸಲ ಎಣಿಸಿದರು, ನಾನು ಮೂರು ಸಲ.

ಈ ಹೇಳಿಕೆ ಬರೆದುಕೊಂಡ ಹವಾಲ್ದಾರ್ ಬರ್ಸಾಬಾಲ್ ಅವರು ನನ್ನ ಹಳೆಯ ವಿದ್ಯಾರ್ಥಿ. ಅವರು ಯಾರಿಗೂ ಏನೂ ಆಗಿಲ್ಲವೆಂದು ಹೇಳಿ, "ಸಿಡಿಲು ಅಂತ್ಲೇ ಇರ್ಲಿ ಬಿಡಿ ಟೀಚರಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ರಗಳೆ" ಎಂದರು. ಸಾಕ್ಷಿ ಸಹಿಗೆಂದು ಬಂದು ಬಾಗಿಲ ಬಳಿ ಕುಳಿತಿದ್ದ ಓಫೆಲಿಯಾ ಎದ್ದು ಬಂದು, "ಸಿಡಿಲು ಅಂತ ಬರೆದ್ರೆ ನಾನ್ ಸಹಿ ಹಾಕಲ್ಲ. ಕೆಡಿಸಿದ್ದು ನಮ್ಮಕ್ಕ, ಸರಿ ಮಾಡಿದ್ದೂ ನಮ್ಮಕ್ಕ. ಎರಡೂ ಬರ್ಕೊಳಪ್ಪ" ಎಂದಳು. ಆದ್ದರಿಂದ ಎರಡನ್ನೂ ಬರೆಸಿದ್ದೇನೆ.

ಮೇಲಿನದೆಲ್ಲವನ್ನೂ ಓದಿಸಿ ಕೇಳಿದ್ದೇನೆ. ಇದರಲ್ಲಿ ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ, ಇದ್ದದ್ದು ಇದ್ದಂತೆ ಇದೆ.

ಸ್ಥಳ: ಪಾಸೊ ಸೌಸಾಲ್
ದಿನಾಂಕ: 19-03-2014, ಬೆಳಿಗ್ಗೆ 11.50

ಸಹಿ: ನೆಲಿದಾ ಬೊರ್ದಗಾರೈ
ಸಾಕ್ಷಿ: ಓಫೆಲಿಯಾ ಬೊರ್ದಗಾರೈ, ಹೇಳಿಕೆ ಕೊಟ್ಟವರ ತಂಗಿ