ಕಿತ್ತಳೆ ತಿರುವಿನ ಹಲಗೆ

ನವೆಂಬರ್ ಎರಡು, ಮಧ್ಯಾಹ್ನ ಎರಡು ಗಂಟೆ. ಹೊಸ ರಸ್ತೆಯ ಮೇಲೆ ಗುಡ್ಡ ಕುಸಿದು, ಲಾ ಪಾಸ್‌ನಿಂದ ಯುಂಗಾಸ್ ಕಣಿವೆಗೆ ಇಳಿಯಬೇಕಿದ್ದ ಸೆವೆರೋನ ಬಸ್ಸು ಬೆಳಿಗ್ಗೆಯಿಂದ ಕವಲುದಾರಿಯ ಊಟದಂಗಡಿಯ ಮುಂದೆ ನಿಂತಿತ್ತು. ಮಳೆ ಜಿಟಿಜಿಟಿ ಸುರಿಯುತ್ತಲೇ ಇತ್ತು. ಸತ್ತವರ ಹಬ್ಬಕ್ಕೆ ಊರು ಸೇರಿ, ಕತ್ತಲಾಗುವುದರೊಳಗೆ ಸಮಾಧಿಗೆ ಹೂವಿಡಬೇಕಾದ ಮೂವತ್ತು ಜನ ಸತುರ್ನಿನಾ ಅಜ್ಜಿಯ ಒಲೆಯ ಸುತ್ತ ಕಡಲೆಕಾಯಿ ಸಾರು ಕುಡಿಯುತ್ತಾ ಸೆವೆರೋನ ತಲೆ ತಿನ್ನುತ್ತಿದ್ದರು.

ಸೆವೆರೋ ಬಯಲುಸೀಮೆಯವನು, ಈ ದಾರಿಗೆ ಬಂದು ಮೂರೇ ತಿಂಗಳು. ಪ್ರಪಾತದ ಅಂಚಿನಲ್ಲೇ ಕಣಿವೆಗಿಳಿಯುವ ಹಳೇ ರಸ್ತೆಯಲ್ಲಿ ಒಮ್ಮೆಯೂ ಓಡಿಸಿದವನಲ್ಲ. ಆದರೂ ಜನರ ಗೊಣಗಾಟ ಕೇಳಿ ಕೇಳಿ, ಇನ್ನರ್ಧ ಗಂಟೆ ನೋಡಿ ಹಳೇ ರಸ್ತೆಗೇ ಬಸ್ಸು ತಿರುಗಿಸಿಬಿಡೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಹೊತ್ತು ಹೋಗಲೆಂದು, ತಾವು ಕಂಡ ಅತಿ ಕೆಟ್ಟ ಜಾಗ ಯಾವುದೆಂಬ ಮಾತು ಶುರುವಾಗಿತ್ತು. ಬಟ್ಟೆ ಮಾರುವ ಲಿದಿಯಾ ಯಾವುದೋ ಗಣಿ ಊರಿನ ಕತೆ ಹೇಳಿದಳು. "ಬೆಳಿಗ್ಗೆ ಎದ್ದರೆ ಚೊಂಬಿನ ನೀರು ಕಲ್ಲಾಗಿತ್ತು ಕಣ್ರೀ, ನನ್ನ ಬೂಟು ನಾಯಿ ಕಚ್ಕೊಂಡು ಹೋಗಿತ್ತು!"

"ನೀವು ನಮ್ಮತ್ತೆ ಮನೆ ನೋಡಿಲ್ಲ ಬಿಡಿ," ಎಂದ ಸೆವೆರೋ. ಎಲ್ಲರೂ ನಕ್ಕರು.

"ಹಳೇ ರಸ್ತೆಯ ಕಿತ್ತಳೆ ತಿರುವಿಗಿಂತ ಕೆಟ್ಟ ಜಾಗ ಈ ಭೂಮಿ ಮೇಲಿಲ್ಲ," ಎಂದು ಹಿಂದಿನಿಂದ ಯಾರೋ ಅಂದರು. ನಗು ನಿಂತಿತು.

ಲಿದಿಯಾ ಮಾತು ಮರೆಸಲು ಮೂಲೆಯ ಮೇಜಿನತ್ತ ಕೈ ತೋರಿಸಿದಳು. ಅಲ್ಲಿ ಕಪ್ಪು ಬಟ್ಟೆ ಹಾಸಿ, ಕಬ್ಬಿನ ಜಲ್ಲೆ ಕಟ್ಟಿ, ಗಂಡಸೊಬ್ಬನ ಫೋಟೋದ ಮುಂದೆ ಮನುಷ್ಯನ ಆಕಾರದ ಬ್ರೆಡ್ಡು ಇಟ್ಟಿತ್ತು. "ಅಜ್ಜಿ, ಹನ್ನೆರಡಾಗಿ ಎಷ್ಟೊತ್ತಾಯ್ತು! ಬ್ರೆಡ್ಡು ಹಂಚೋದಿಲ್ವಾ?"

"ಇನ್ನೂ ಹೊತ್ತಾಗಿಲ್ಲ," ಎಂದಳು ಅಜ್ಜಿ. ಸೌಟು ಕೆಳಗಿಟ್ಟು, ಒಲೆಯ ಪಕ್ಕ ಕೂತು, ಸೀದಾ ಸೆವೆರೋನ ಮುಖ ನೋಡಿದಳು.

"ಕೆಟ್ಟ ಜಾಗ ಅಂದ್ರಲ್ಲ... ಹಾದುಹೋಗೋರಿಗೆ ಅದು ಕೆಟ್ಟ ಜಾಗವೇ ಸರಿ, ಬೇಡ ಅನ್ನಲ್ಲ. ಆದ್ರೆ ನನ್ನೋರೆಲ್ಲ ಅಲ್ಲೇ ಇದ್ದಾರಲ್ಲ, ನಾನು ಏನಂತ ಕರೀಲಿ ಅದನ್ನ? ಕೇಳಿಸ್ಕೊಳ್ಳಿ. ಡ್ರೈವರಪ್ಪ, ನೀನಂತೂ ಕಿವಿಗೊಟ್ಟು ಕೇಳು.

"ನಮಗೆ ಒಬ್ಬಳೇ ಮಗಳು, ನೀವೆಸ್ ಅಂತ. ಹತ್ತೊಂಬತ್ತು ತುಂಬಿತ್ತು. ಬಾಯಿ ಬಿಟ್ರೆ ನಗು, ಆದ್ರೆ ಅಪ್ಪ ಬಾ ಅಂದ್ರೆ ಬಂದಳು, ನಿಲ್ಲು ಅಂದ್ರೆ ನಿಂತಳು, ಅಂಥ ಹುಡುಗಿ. ಆರು ವರ್ಷದ ಹಿಂದೆ ಕಿತ್ತಳೆ ಲಾರಿ ಹತ್ತಿ ಪೇಟೆಗೆ ಹೊರಟಳು... ಆ ತಿರುವಲ್ಲಿ ಲಾರಿ ಕೆಳಗೆ ಹೋಯ್ತು. ಎಷ್ಟು ಕೆಳಗೆ ಅಂತೀರಾ? ನಾವು ಬಗ್ಗಿ ನೋಡಿದ್ರೆ ಬರೀ ಮೋಡ. ಹೆಣ ಸಿಗಲಿಲ್ಲ. ಮಾರನೇ ವರ್ಷ ಕಣಿವೆ ತಳದಲ್ಲಿ ಕಿತ್ತಳೆ ಸಸಿ ಎದ್ದಿದ್ದಾವೆ ಅಂತ ಯಾರೋ ಬಂದು ಹೇಳಿದ್ರು. ಹೇಳಬಾರದಿತ್ತು.

"ಆ ದುಃಖದಲ್ಲೇ ನನ್ನ ಗಂಡ ರುಫೀನೋ ಒಂದು ಹಲಗೆ ಮಾಡ್ಕೊಂಡ. ಒಂದು ಮುಖ ಕೆಂಪು, ಒಂದು ಮುಖ ಹಸಿರು. ಇನ್ನೊಬ್ಬರ ಮಗಳು ಹೀಗೆ ಹೋಗಬಾರದು ಅಂತ ದಿನಾ ಹೋಗಿ ಆ ತಿರುವಿನ ತುದಿಯಲ್ಲಿ ನಿಲ್ಲೋನು. ಕೆಳಗಿಂದ ಗಾಡಿ ಬರ್ತಿದ್ರೆ ಮೇಲಿನೋರಿಗೆ ಕೆಂಪು ತೋರಿಸೋನು, ದಾರಿ ಖಾಲಿ ಇದ್ರೆ ಹಸಿರು. ಸಂಬಳ ಇಲ್ಲ, ಸಾರಿಗೆ ಇಲ್ಲ. ಹೋಗೋ ಡ್ರೈವರು ಕಿಟಕಿಯಿಂದ ಜಗಿಯೋಕೆ ಒಂದು ಮುಷ್ಟಿ ಕೋಕಾ ಎಲೆ ಕೊಟ್ರೆ ಅದೇ ಊಟ. ಅವನು ನಿಂತ ಮೇಲೆ ಅಲ್ಲಿ ಒಂದು ಗಾಡಿಯೂ ಬೀಳಲಿಲ್ಲ ಗೊತ್ತಾ? ಒಂದೂ ಇಲ್ಲ.

"ಹೀಗೆ ಮೂರನೇ ವರ್ಷ ಬಂತು. ನಿಮಗೇನು ನಾನು ಹೇಳಿಕೊಡಬೇಕಾ... ಸತ್ತೋರಿಗೆ ಮೂರು ಹಬ್ಬ ಮೇಜಿಟ್ಟು, ಮೂರನೇದರ ಎರಡನೇ ದಿನ ಹನ್ನೆರಡಕ್ಕೆ ಆತ್ಮಾನ ಕಳಿಸಿಕೊಡಬೇಕು. ಆಮೇಲೆ ಕರೀಬಾರದು. ನಾನು ಮೇಜೆತ್ತೋಕೆ ನಿಂತೆ. ಅವನು ನನ್ನ ಕೈ ಹಿಡ್ಕೊಂಡ. 'ಇನ್ನೊಂದು ವರ್ಷ ಇರಲಿ ಕಣೇ' ಅಂದ. 'ಬೇಡ, ಮಗು ಸುಸ್ತಾಗಿರುತ್ತೆ, ಹೋಗಲಿ ಬಿಡು' ಅಂದೆ. ಅವನು ಹಲಗೆ ತಗೊಂಡು ಹೊರಟೇಹೋದ. ಹನ್ನೆರಡು ಹೊಡೀತು. ನಾನೊಬ್ಬಳೇ ಬ್ರೆಡ್ಡು ಮುರಿದು ಹಂಚಿದೆ, 'ಹೋಗಿ ಬಾ ಕಂದಾ' ಅಂತ ಅತ್ತೆ...

"ಮುಂದಿನದು ಕೆಳಗಿಂದ ಬರ್ತಿದ್ದ ಲಾರಿಯವನು ಹೇಳಿದ್ದು. ಅವನೊಬ್ಬನೇ ಉಳಿದಿದ್ದು. ಮಂಜು ಮುಸುಕಿತ್ತಂತೆ. ರುಫೀನೋ ರಸ್ತೆಗೆ ಬೆನ್ನು ಹಾಕಿ, ಕಣಿವೆ ಕಡೆಗೆ ಮುಖ ಮಾಡಿ ನಿಂತಿದ್ದನಂತೆ. ಎದುರಿಗೆ ಬರೀ ಗಾಳಿ. ಆ ಗಾಳಿಗೆ ಹಲಗೆಯ ಕೆಂಪು ತೋರಿಸ್ತಾ, 'ನಿಲ್ಲು ನೀವೆಸ್, ನಿಲ್ಲು ಮಗಳೇ, ಹೋಗಬೇಡ' ಅಂತ ಕೂಗ್ತಿದ್ದನಂತೆ.

"ಅವಳಿಗೆ ಕೆಂಪು ತೋರಿಸಿದ. ಹಾಗಾದ್ರೆ ಹಿಂದೆ, ರಸ್ತೆಗೆ ಕಂಡಿದ್ದೇನು? ಮೂರು ವರ್ಷ ಒಂದು ದಿನ ತಪ್ಪಿಲ್ಲದ ಕೈ ಅದು, ಮೇಲಿಂದ ಇಳೀತಿದ್ದ ಬಸ್ಸಿನೋನು ಯಾಕೆ ಅನುಮಾನ ಪಡ್ತಾನೆ? ಹಸಿರು ನೋಡಿದ, ಬಂದ. ತಿರುವಲ್ಲಿ ಲಾರಿ ಎದುರಾಯ್ತು. ಬ್ರೇಕ್ ಒತ್ತಿದ. ನೆಲ ಒದ್ದೆ... ಜಾರಿದ ಬಸ್ಸು ರುಫೀನೋನನ್ನೂ ತಳ್ಕೊಂಡು ಕೆಳಗೆ ಹೋಯ್ತು. ಅದರಲ್ಲೂ ಹಬ್ಬಕ್ಕೆ ಹೊರಟೋರೇ, ನಿಮ್ಮ ಹಾಗೆ ಮಡಿಲ ತುಂಬ ಹೂವಿಟ್ಕೊಂಡೋರು."

ಲಿದಿಯಾ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಮತ್ತೆ ನಿಮ್ಮ ಮಗಳು, ಅಜ್ಜಿ? ಹೋದಳಾ?" ಸೆವೆರೋ ಮೆಲ್ಲಗೆ ಕೇಳಿದ.

"ಎಲ್ಲಿ ಹೋಗ್ತಾಳೆ? ಅಪ್ಪ ನಿಲ್ಲು ಅಂದನಲ್ಲ... ನಿಂತಳು."

ಸೆವೆರೋ ಫೋಟೋದತ್ತ ನೋಡಿದ, ಆಮೇಲೆ ಗಡಿಯಾರದತ್ತ. ಮೂರಕ್ಕೆ ಹತ್ತು ನಿಮಿಷವಿತ್ತು. ಬೆರಳು ಮಡಿಸಿ ವರ್ಷಗಳ ಲೆಕ್ಕ ಹಾಕಿದ. "ಅಜ್ಜಿ, ಹಾಗಾದ್ರೆ ಅವರಿಗೆ ಇದು ಮೂರನೇ ವರ್ಷ. ಹನ್ನೆರಡಕ್ಕೇ ಕಳಿಸಬೇಕಿತ್ತಲ್ವಾ?"

ಅಜ್ಜಿ ಎದ್ದು ಮೇಜಿನ ಹತ್ತಿರ ಹೋದಳು. ಕಪ್ಪು ಬಟ್ಟೆಯ ಚುಂಗು ಹಿಡಿದಳು. ಎಲ್ಲರೂ ಕಾದರು. ಅವಳು ಸುಕ್ಕಾಗಿದ್ದ ಬಟ್ಟೆಯನ್ನು ಸರಿಮಾಡಿ, ಕೈ ಬಿಟ್ಟಳು.

"ಇವತ್ತು ಹನ್ನೆರಡು ಹೊಡೆದಾಗಲೂ ಹೀಗೇ ಹಿಡಿದಿದ್ದೆ ಮಗಾ. ಕೈ ಬರಲಿಲ್ಲ. ಇವನನ್ನೂ ಕಳಿಸಿಬಿಟ್ರೆ ನನಗೆ ಯಾರಿದ್ದಾರೆ ಹೇಳು? ಅವನನ್ನ ಎಷ್ಟು ಬೈದಿದ್ದೀನಿ ಗೊತ್ತಾ, ಹೋಗೋ ಮಗಳನ್ನ ತಡೆದೆಯಲ್ಲೋ ಪಾಪಿ ಅಂತ... ಈಗ ನೋಡು, ನಾನೇ ಅವನನ್ನ ತಡೆದು ಕೂತಿದ್ದೀನಿ. ನಾನು ಬಿಡೋವರೆಗೆ ಅವನು ಅಲ್ಲಿಂದ ಕದಲಲ್ಲ, ಅವನು ಬಿಡೋವರೆಗೆ ಅವಳು ಕದಲಲ್ಲ."

ಹೊರಗೆ ಹಳೇ ರಸ್ತೆಯ ಬಾಯಿಯನ್ನು ಮಂಜು ಮುಚ್ಚುತ್ತಿತ್ತು. ಸೆವೆರೋ ಬಸ್ಸಿನ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಅಜ್ಜಿ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. "ಹೋಗಲೇಬೇಕು ಅಂದ್ರೆ ಹೋಗು, ನಾನು ಬೇಡ ಅನ್ನಲ್ಲ. ಆದ್ರೆ ಆ ತಿರುವಲ್ಲಿ, ಮಂಜಿನೊಳಗೆ ಹಸಿರು ಕಂಡ್ರೆ ಅದು ನಿನಗೆ ಅಂದ್ಕೋಬೇಡ ಕಣಪ್ಪ... ಅದು ಹಲಗೆಯ ಬೆನ್ನು."