ಬಾವಿಕಟ್ಟೆಯಲ್ಲಿ ಡ್ರಿಂಗ್ ಓದಿದ ಕಾಗದ

ಜೇಬಲ್ಲಿ ಬೇರೆಯವರ ಕಾಗದ, ಹೊಟ್ಟೆಯಲ್ಲಿ ನಾಲ್ಕು ಲೋಟ ಬಿಯರ್, ದಾರಿಯಲ್ಲೊಂದು ಹಾಳುಬಾವಿ. ಅಂಥ ರಾತ್ರಿ ನಮ್ಮ ಲಿಂಕನ್‌ಶೈರಿನ ಸೆಡ್ರಿಕ್ ಡ್ರಿಂಗನಿಗೆ ಏನಾಗಿರಬಹುದು, ಹೇಳಿ ನೋಡೋಣ? ಬಾವಿಗೆ ಬಿದ್ದ ಅಂತೀರಾ? ಛೆ, ಬಾವಿಗೂ ಒಂದು ಮರ್ಯಾದೆ ಬೇಡವೇ!

ಈ ಮಹಾನುಭಾವ ಯುದ್ಧವಿಡೀ ಯಾವುದೋ ದೂರದ ವಾಯುನೆಲೆಯ ಉಗ್ರಾಣದಲ್ಲಿ ಕಂಬಳಿ ಮಡಿಚಿದವನು. ಊರಿಗೆ ಬಂದವನೇ, ಬಾಂಬರಿನ ಬಾಲದಲ್ಲಿ ಕೂತು ಗುಂಡು ಹಾರಿಸಿದೆ ಅಂತ ಕೊಚ್ಚಿಕೊಂಡು, ಚರ್ಚಿನ ಸ್ಮಾರಕ ಫಲಕದ ಸಮಿತಿಗೆ ಅಧ್ಯಕ್ಷನೂ ಆಗಿಬಿಟ್ಟ.

ನಿಜವಾಗಿ ಬಾಲದಲ್ಲಿ ಕೂತವನು ಅದೇ ಊರಿನ ಲೆನ್ ಸೋರ್ಬಿ. ಜರ್ಮನರ ಸೆರೆಶಿಬಿರದಲ್ಲಿ ಸತ್ತ. "ಕೈಯೆತ್ತಿ ಶರಣಾದವನ ಹೆಸರು ಫಲಕಕ್ಕೆ ಬೇಡ" ಅಂತ ಡ್ರಿಂಗ್ ಹಟ ಹಿಡಿದಿದ್ದ. ಫಲಕಕ್ಕೆ ಹೆಸರು ಬರೆಯುವವನು ಆ ರಾತ್ರಿ ಕಳೆದು ಬೆಳಿಗ್ಗೆಯೇ ಬರುವವನಿದ್ದ. ಅದಕ್ಕೇ ಲೆನ್‌ನ ತಾಯಿ ಎಡ್ನಾ ಪಬ್ಬಿಗೇ ಬಂದಳು. ಅದೇ ವಿಮಾನದ ರೇಡಿಯೋದವನು ಆಸ್ಪತ್ರೆಯಿಂದ ಬರೆದ ಕಾಗದ ಅವಳ ಕೈಯಲ್ಲಿತ್ತು.

"ಅಧ್ಯಕ್ಷರು ನೋಡಿದ ಮೇಲೇ ಪಾದ್ರಿಗಳಿಗೆ ಕೊಡಬೇಕಂತೆ. ತಲುಪಿಸ್ತೀರಾ, ಮಿಸ್ಟರ್ ಡ್ರಿಂಗ್?"

"ಅದಕ್ಕೇನು, ಈ ರಾತ್ರಿಯೇ!"

ಅವಳು ಹೋದ ಮೇಲೆ ಓದಿದ. ಪಬ್ಬಿನ ಒಡತಿ ಹಿಲ್ಡಾ ಕಣ್ಣಿಟ್ಟೇ ಇದ್ದಳು. "ಯಾಕೋ ಸೆಡ್ರಿಕ್, ಮುಖ ಹುಳಿಯಾಯ್ತು?"

"ನಿನ್ನ ಬಿಯರ್ ಕುಡಿದ್ರೆ ಇನ್ನೇನಾಗುತ್ತೆ!"

ಹನ್ನೊಂದು ಗಂಟೆ. ಪಾದ್ರಿಯ ಮನೆಗೆ ಮೂವತ್ತು ಹೆಜ್ಜೆ ಇರುವಾಗ ಬಾವಿಕಟ್ಟೆ ಹತ್ತಿರ ನಿಂತ. ಹರಿದು ಒಳಗೆ ಹಾಕೋಣ ಅಂತ ಕಾಗದ ತೆಗೆದ...

ಧಪ್... ಧಪ್...

ವಿಮಾನದವರು ಹಾಕುವ ಕುರಿಯುಣ್ಣೆಯ ಬೂಟು. ಮೆತ್ತಗೆ, ಭಾರವಾಗಿ. ಯಾರೋ ಒಬ್ಬ ಬರುತ್ತಿದ್ದಾನೆ... ಹಿಮ್ಮುಖವಾಗಿ. ಬಾಲದಲ್ಲಿ ಕೂತವರು ಯುದ್ಧಕ್ಕೆ ಹೋಗುತ್ತಿದ್ದದ್ದೇ ಹಾಗೆ, ಬೆನ್ನು ಮುಂದಾಗಿ.

ಬಂದವನು ಬೆನ್ನು ತೋರಿಸಿಕೊಂಡೇ ನಿಂತ.

"ನೀನೂ ಬಾಲದವನಂತೆ?" ಪಿಸುದನಿ.

"ಹೂಂ... ಹೌದಪ್ಪಾ."

"ಪ್ಯಾರಾಚೂಟ್ ಎಲ್ಲಿಡ್ತಿದ್ದೆ?"

"ಅಂ... ಅಂಡಿನ ಕೆಳಗೆ."

"ಅದು ಪೈಲಟ್ಟಿಗೆ. ನಮ್ಮ ಬಾಲದ ಗೂಡಲ್ಲಿ ಅದಕ್ಕೆ ಜಾಗವೆಲ್ಲಿ? ಬಾಗಿಲಾಚೆ ಇಡ್ಬೇಕು."

ಡ್ರಿಂಗ್ ಕಾಗದವನ್ನು ಜೇಬಿಗೆ ತುರುಕಲು ನೋಡಿದ.

"ನನ್ನ ಪ್ಯಾರಾಚೂಟ್ ಯಾರಿಗೆ ಹೋಯ್ತು? ಓದು."

ಆಕಾಶದಲ್ಲಿ ಇನ್ನೂ ಉಳಿದಿದ್ದ ಮಬ್ಬು ಬೆಳಕಲ್ಲಿ ಓದಿದ.

"ಜೋರಾಗಿ."

"'ನನ್ನ ಪ್ಯಾರಾಚೂಟ್ ಸುಟ್ಟುಹೋಗಿತ್ತು... ಲೆನ್ ತನ್ನದನ್ನು ನನ್ನೆದೆಗೆ ಸಿಕ್ಕಿಸಿ ಹೊರಗೆ ದಬ್ಬಿದ...'"

"ಇನ್ನೂ ಜೋರಾಗಿ."

"'ಗೂಡಿಗೆ ವಾಪಸ್ ಹೋಗಿ, ಗುಂಡು ಹಾರಿಸುತ್ತಲೇ ಬಿದ್ದ! ಮುರಿದ ಬಾಲ ಮರಗಳಲ್ಲಿ ಸಿಕ್ಕಿ ಜೀವ ಉಳಿಯಿತು. ಎರಡೂ ಕಾಲು ಮುರಿದವನನ್ನು ಸೆರೆ ಹಿಡಿದರು!'"

ಕಿರ್ರ್... ಪಾದ್ರಿಯ ಕಿಟಕಿ ತೆರೆಯಿತು.

"ಪೂರ್ತಿ ಕೇಳಿಸ್ತು, ಡ್ರಿಂಗ್. ಆ ಕಾಗದ ಇತ್ತ ಕೊಡು. ಬೆಳಿಗ್ಗೆ ಮೊದಲು ಬರೆಯೋದೇ ಲೆನ್ ಹೆಸರು... ಅಲ್ಲಯ್ಯ, ಒಬ್ಬನೇ ನಿಂತು ಯಾರಿಗೆ ಓದ್ತಿದ್ದೆ?"

ಕಾಗದ ಹಿಡಿದ ಡ್ರಿಂಗನ ಬೆರಳುಗಳು ಬಿಚ್ಚಿಕೊಳ್ಳಲೇ ಇಲ್ಲ. ಪಾದ್ರಿಯೇ ಹೊರಗೆ ಬಂದು ಒಂದೊಂದಾಗಿ ಬಿಡಿಸಬೇಕಾಯಿತು. ಬೆಳಿಗ್ಗೆ ನೋಡಿದರೆ ಮೂರು ಬೆರಳ ತುದಿ ಕರ್ರಗೆ. ವಾಯುನೆಲೆಯಲ್ಲಿ ಕೆಲಸ ಮಾಡಿದ ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿ, "ಇದು ಹಿಮ ಕಚ್ಚಿದ್ದು, ಕಡುಚಳಿಗೆ ಬೆರಳು ಸತ್ತದ್ದು. ಇಪ್ಪತ್ತು ಸಾವಿರ ಅಡಿ ಮೇಲೆ ಗನ್ನರುಗಳಿಗೆ ಹೀಗಾಗ್ತಿತ್ತು" ಅಂದರು.

ನಗಬೇಡಿ. ಡಾಕ್ಟರ ಬಾಯಿಂದಲೇ ಕೇಳಿದವರು ಊರಲ್ಲಿ ಇನ್ನೂ ಇದ್ದಾರೆ. ಆ ವಾರ ಅಂಗಿ ಬಿಚ್ಚಿ ಹುಲ್ಲು ಕೊಯ್ಯುವಷ್ಟು ಸೆಕೆ. ಅದು ನಡೆದ ರಾತ್ರಿ ೧೯೪೭ನೇ ಇಸವಿ, ಜೂನ್ ಹತ್ತೊಂಬತ್ತು, ಗುರುವಾರ.